ಆಯುವ ಕೈ, ಅರಿಯುವ ಯಂತ್ರ

ಒಂದರೊಳಗೊಂದು ಬೆರೆತುದನ್ನು ಬೇರೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ಎಣಿಸಲು ಕುಳಿತರೆ ಎಣಿಕೆ ಬೇಗ ಮುಗಿಯುವುದಿಲ್ಲ. ಕಣದಲ್ಲಿ ಕಾಳನ್ನೂ ಹೊಟ್ಟನ್ನೂ ಗಾಳಿಗೆ ಹಿಡಿದು ತೂರುತ್ತೇವೆ. ಮೊರದಲ್ಲಿ ಹಾಕಿ ಕೇರುತ್ತೇವೆ. ಹಿಟ್ಟನ್ನು ಸಾಣಿಸುತ್ತೇವೆ, ಹಾಲನ್ನು ಸೋಸುತ್ತೇವೆ, ಅಕ್ಕಿಯೊಳಗಿನ ಹರಳನ್ನು ಆರಿಸುತ್ತೇವೆ, ಜೋಳವನ್ನು ಹಸನು ಮಾಡುತ್ತೇವೆ, ಉದುರಿದ ಹಣ್ಣನ್ನು ಹೆಕ್ಕುತ್ತೇವೆ, ಚೆಲ್ಲಿದ ಕಾಳನ್ನು ಆಯುತ್ತೇವೆ. ಒಂದೊಂದು ಮಾತಿನ ಹಿಂದೆಯೂ ಒಂದೊಂದು ಉಪಾಯವಿದೆ. ತೂರುವವನು ತೂಕದ ಭೇದವನ್ನು ನೆಚ್ಚಿದ್ದಾನೆ. ಸಾಣಿಸುವವಳು ಗಾತ್ರದ ಭೇದವನ್ನು ನೆಚ್ಚಿದ್ದಾಳೆ. ಆರಿಸುವವಳಿಗಾದರೋ ಕಣ್ಣೂ ಬೇಕು, ಕಣ್ಣಿನ ಹಿಂದೆ ತಿಳಿವಳಿಕೆಯೂ ಬೇಕು. ಸಂಸ್ಕೃತದಿಂದ ನಾವು ತಂದುಕೊಂಡ ‘ವಿವೇಕ’ವೆಂಬ ದೊಡ್ಡ ಮಾತಿನ ಮೂಲಾರ್ಥವೂ ಬೇರ್ಪಡಿಸುವುದೆಂದೇ. ನೀರನ್ನು ಬಿಟ್ಟು ಹಾಲನ್ನು ಹೀರುವ ಹಂಸಕ್ಕೆ ನಮ್ಮ ಕವಿಗಳು ಕೊಟ್ಟ ಮರ್ಯಾದೆಯನ್ನು ವಾಚಕರಿಗೆ ನೆನಪಿಸಬೇಕಾದುದಿಲ್ಲ. ಅದೇ ಮರ್ಯಾದೆಯ ನೂರರಲ್ಲೊಂದು ಪಾಲು, ಊರ ಹೊರಗಿನ ತಿಪ್ಪೆಯಲ್ಲಿ ಹಾಳೆಯನ್ನು ಬಿಟ್ಟು ಬಾಟಲಿಯನ್ನು ಎತ್ತಿಕೊಳ್ಳುವ ಹೆಂಗಸಿಗೆ ಸಲ್ಲಲಿಲ್ಲವೆಂಬುದನ್ನು ಮಾತ್ರ ನೆನಪಿಸಬೇಕಾಗಿದೆ.

ಈ ಮಾತುಗಳನ್ನೆಲ್ಲ ಇಲ್ಲಿ ಎತ್ತಿಕೊಳ್ಳಲು ಕಾರಣವಾದುದು ಒಂದು ಯಂತ್ರ. ಘನತ್ಯಾಜ್ಯವನ್ನು, ಎಂದರೆ ನಾವು ನೀವು ಸರಳವಾಗಿ ಕಸವೆನ್ನುವುದನ್ನು, ಮನುಷ್ಯನ ಕೈ ಸೋಂಕದಂತೆ ತಾನೇ ನೋಡಿ ತಾನೇ ಬೇರ್ಪಡಿಸುವ ಯಂತ್ರಮಾನವನು ಈಗ ಕಟ್ಟುಕಥೆಯ ವ್ಯಕ್ತಿಯಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 2007ರಲ್ಲಿ ಹುಟ್ಟಿದ ಝೆನ್‌ರೋಬೋಟಿಕ್ಸ್ ಎಂಬ ಸಂಸ್ಥೆ ಈ ಮಾರ್ಗದಲ್ಲಿ ಮೊದಲು ನಡೆದವರಲ್ಲೊಂದು. ಅಮೇರಿಕೆಯಲ್ಲಿ 2014ರಲ್ಲಿ ಮೊದಲಾದ ಎಎಂಪಿ ಎಂಬ ಸಂಸ್ಥೆ, ತನ್ನ ಯಂತ್ರದ ತೋಳು ನಿಮಿಷಕ್ಕೆ 80 ವಸ್ತುಗಳವರೆಗೆ ಎತ್ತಿಡಬಲ್ಲದೆಂದು ಹೇಳಿಕೊಂಡಿದೆ. ನಮ್ಮ ದೇಶದಲ್ಲಿ ಅಹಮದಾಬಾದಿನ ಇಷಿತ್ವ ಎಂಬ ಸಂಸ್ಥೆ ಇಂಥ ಯಂತ್ರಗಳನ್ನು ಮಾಡಿ, ಅವುಗಳಲ್ಲಿ ನೋಡುವ ಭಾಗಕ್ಕೆ ‘ನೇತ್ರ’ವೆಂದು ಹೆಸರಿಟ್ಟಿದೆ. ಬೆಂಗಳೂರಿನಲ್ಲಿ ಬೆರಕೆ ಕಸವನ್ನು ಕೊಳೆಯುವುದು, ಕೊಳೆಯದುದು ಎಂದು ಎರಡಾಗಿ ಒಡೆಯುವ ‘ಟ್ರಾಷ್‌ಬಾಟ್’ ಎಂಬ ಯಂತ್ರ ತಯಾರಾಗಿದೆ. ಇಂಥ ಸುದ್ದಿಗಳನ್ನು ಓದಿದ ವಿದ್ಯಾವಂತರ ಬಾಯಲ್ಲಿ ಈಗೀಗ ಒಂದು ನೆಮ್ಮದಿಯ ನಿಟ್ಟುಸಿರು ಕೇಳಿಬರುತ್ತಿದೆ: ಇನ್ನು ಒಂದೇ ಬುಟ್ಟಿಗೆ ಎಲ್ಲವನ್ನೂ ಸುರಿದರಾಯಿತು, ಉಳಿದುದನ್ನು ಯಂತ್ರ ನೋಡಿಕೊಳ್ಳುತ್ತದೆ! ಈ ನಿಟ್ಟುಸಿರು ಯಂತ್ರದ ಸ್ವಭಾವವನ್ನು ಅರಿಯದೆ ಬಿಟ್ಟುದೆಂದೂ, ಅದರ ಬೆಲೆಯನ್ನು ತೆರುವವರು ಬೇರೆಯವರೆಂದೂ ನನ್ನ ಅಭಿಪ್ರಾಯ.

ಇಂಥ ಯಂತ್ರಶಾಲೆಯೊಳಗಿನ ವ್ಯವಹಾರವನ್ನು ತಿಳಿದುಕೊಂಡಷ್ಟೂ ನಮ್ಮ ಸುಗ್ಗಿಯ ಕಣವೇ ಕಣ್ಣಮುಂದೆ ಬರುತ್ತದೆ. ಮೈಯೆಲ್ಲ ತೂತುಗಳುಳ್ಳ ದೊಡ್ಡ ಉರುಳೆಯೊಂದು ತಿರುಗುತ್ತ, ಮಣ್ಣನ್ನೂ ಸಣ್ಣ ಚೂರುಗಳನ್ನೂ ಕೆಳಕ್ಕೆ ಬಿಡುತ್ತದೆ. ಇದು ನಮ್ಮ ಸಾಣಿಗೆ. ಮುಂದೆ ಗಾಳಿಯ ಪ್ರವಾಹವು ತೆಳುವಾದ ಹಾಳೆಗಳನ್ನು ಹಾರಿಸಿ, ಭಾರವಾದುದನ್ನು ನೆಲಕ್ಕೆ ಉಳಿಸುತ್ತದೆ, ಇದು ತೂರುವುದು. ಓರೆಯಾಗಿ ಕುಣಿಯುವ ಹಲಗೆಗಳ ಮೇಲೆ ಉರುಳುವ ಬಾಟಲಿ ಕೆಳಕ್ಕೂ, ಚಪ್ಪಟೆಯಾದ ಕಾಗದ ಮೇಲಕ್ಕೂ ಸರಿಯುತ್ತವೆ. ಮೊರ ಹಿಡಿದ ಅಜ್ಜಿಯ ಮಣಿಕಟ್ಟಿನ ಚಲನೆಯೇ ಇದು. ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ. ಇಷ್ಟರಮಟ್ಟಿಗೆ ಯಂತ್ರವು ದೊಡ್ಡದಾದ ಕೈಯೇ ಹೊರತು ಬೇರೇನೂ ಅಲ್ಲ. ನಿಜವಾಗಿ ಹೊಸತಾದುದು ಕೊನೆಯ ಹಂತ, ಎಂದರೆ ಆರಿಸುವುದು.

ಆರಿಸುವುದಕ್ಕೆ ಯಂತ್ರಕ್ಕೆ ಎರಡು ಬಗೆಯ ಕಣ್ಣುಗಳನ್ನು ಕೊಟ್ಟಿದ್ದಾರೆ. ಒಂದು, ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕಿನಲ್ಲಿ ನೋಡುವ ಕಣ್ಣು. ಆ ಬೆಳಕನ್ನು ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಒಂದು ರೀತಿಯಲ್ಲಿ ಹೀರಿದರೆ, ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕು ಇನ್ನೊಂದು ರೀತಿಯಲ್ಲಿ ಹೀರುತ್ತದೆ. ಹೀರದೆ ಉಳಿದು ಮರಳಿ ಬಂದ ಬೆಳಕನ್ನು ಅಳೆದರೆ ವಸ್ತುವಿನ ಜಾತಿ ತಿಳಿಯುತ್ತದೆ. ತಿಳಿದೊಡನೆ ಗಾಳಿಯ ಸಣ್ಣ ಊದುಗೊಳವೆಯೊಂದು ಫಕ್ಕನೆ ಊದಿ ಅದನ್ನು ತನ್ನ ಗೂಡಿಗೆ ಹಾರಿಸುತ್ತದೆ. ಇನ್ನೊಂದು, ಸಾಮಾನ್ಯ ಕ್ಯಾಮರಾ ಹಿಡಿದ ಚಿತ್ರವನ್ನು ಅಂಕೆಗಳನ್ನಾಗಿ ಬಿಡಿಸಿಕೊಂಡು ‘ಇದು ಏನಾಗಿರಬಹುದು?’ ಎಂದು ಊಹಿಸುವ ಕಂಪ್ಯೂಟರಿನ ಕಣ್ಣು. ಈ ಎರಡನೆಯ ಕಣ್ಣಿಗೆ ಹುಟ್ಟಿನಿಂದ ಏನೂ ತಿಳಿಯದು. ಅದಕ್ಕೆ ಅಕ್ಷರಾಭ್ಯಾಸ ಮಾಡಿಸಬೇಕು. ಸಾವಿರಾರು ಚಿತ್ರಗಳನ್ನು ಮುಂದಿಟ್ಟು, ಒಂದೊಂದರ ಕೆಳಗೂ ಮನುಷ್ಯನೊಬ್ಬನು ಹೆಸರು ಬರೆದುಕೊಡಬೇಕು. ಯಂತ್ರ ಊಹಿಸುತ್ತದೆ, ತಪ್ಪಿದಾಗ ಅದರೊಳಗಿನ ಲೆಕ್ಕವನ್ನು ಒಂದಿಷ್ಟು ತಿದ್ದಲಾಗುತ್ತದೆ, ಮತ್ತೆ ಊಹಿಸುತ್ತದೆ. ಹೀಗೆ ಲಕ್ಷಾಂತರ ತಿದ್ದುಪಡಿಗಳಾದ ಮೇಲೂ ಅದು ‘ಇದು ಬಾಟಲಿ’ ಎಂದು ಆಣೆಯಿಟ್ಟು ಹೇಳುವುದಿಲ್ಲ. ‘ನೂರಕ್ಕೆ ಇಷ್ಟು ಪಾಲು ಬಾಟಲಿ’ ಎನ್ನುತ್ತದೆ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಧೈರ್ಯವಾಗಿ ಉತ್ತರಿಸಿ ಬರುವ ನಮ್ಮ ಕೆಲವು ವಿದ್ಯಾರ್ಥಿಗಳಿಗಿಂತ ಈ ವಿಷಯದಲ್ಲಿ ಅದು ವಿನಯಶಾಲಿಯೆಂದು ಒಪ್ಪಬೇಕು.

ಆದರೆ ಹೆಸರು ಬರೆದುಕೊಟ್ಟವರು ಯಾರು, ಯಾವ ಊರಿನ ಕಸಕ್ಕೆ ಬರೆದರು, ಎಂಬ ಪ್ರಶ್ನೆಯನ್ನು ಭಾಷೆಯ ಅಧ್ಯಾಪಕನಾದವನು ಕೇಳದಿರಲಾರ. ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಚಿತ್ರಸಂಗ್ರಹವೊಂದನ್ನು 2016ರಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಮಾಡಿದರು. ‘ಟ್ರಾಷ್‌ನೆಟ್’ ಎಂದು ಅದರ ಹೆಸರು. ಅದರಲ್ಲಿ 2527 ಚಿತ್ರಗಳಿವೆ. ಗಾಜು, ಕಾಗದ, ರಟ್ಟು, ಪ್ಲಾಸ್ಟಿಕ್ಕು, ಲೋಹ ಎಂಬ ಐದು ಗುಂಪುಗಳನ್ನು ಮಾಡಿ, ಇವು ಯಾವುದಕ್ಕೂ ಸೇರದುದನ್ನು ಆರನೆಯ ಗುಂಪಿನಲ್ಲಿಟ್ಟು, ಅದನ್ನು ಬರಿಯ ‘ಕಸ’ವೆಂದು ಕರೆದಿದ್ದಾರೆ. ಆ ಆರನೆಯ ಗುಂಪಿನಲ್ಲಿರುವ ಚಿತ್ರಗಳು 137 ಮಾತ್ರ. ನಿಘಂಟುಕಾರರು ಮೆಚ್ಚಬೇಕಾದ ವಿವರಣೆಯಿದು: ಹೆಸರಿಲ್ಲದುದೇ ಕಸ; ಹೆಸರು ಹಚ್ಚಿದೊಡನೆ ಅದು ಸರಕು. ಅದಂತಿರಲಿ. ಅಲ್ಲಿಯ ಪ್ರತಿಯೊಂದು ವಸ್ತುವನ್ನೂ ಬಿಳಿಯ ಹಲಗೆಯ ಮೇಲೆ ಒಂಟಿಯಾಗಿ ಇಟ್ಟು, ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆಯಲಾಗಿದೆ. ಬಿಳಿಯ ಹಲಗೆಯ ಮೇಲೆ ಒಂಟಿಯಾಗಿ ಕುಳಿತ ಕಸವನ್ನು ನಮ್ಮ ಕಡೆಯಲ್ಲಿ ಯಾರಾದರೂ ಕಂಡಿದ್ದಾರೆಯೇ?

ನಮ್ಮ ಕಡೆಯೆಂದರೆ ಹುಕ್ಕೇರಿ ತಾಲೂಕಿನ ಹತ್ತರಗಿಯ ಸೀಮೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಸಂಕೇಶ್ವರವನ್ನು ದಾಟಿ ಬೆಳಗಾವಿಗೆ ಇಳಿಯುವ ದಾರಿಯಲ್ಲಿ ನಮ್ಮ ಟೋಲ್ ನಾಕೆಯ ಮುಂದೆ ಒಂದು ಗಳಿಗೆ ಉಸಿರು ಹಿಡಿದು ನಿಲ್ಲುತ್ತದೆ. ನಿಂತ ವಾಹನ ಏನನ್ನಾದರೂ ಕೊಂಡುಕೊಳ್ಳುತ್ತದೆ, ಏನನ್ನಾದರೂ ಬಿಸಾಡುತ್ತದೆ. ಎರಡು ಮಹಾನಗರಗಳ ನಡುವೆ ಹರಿದಾಡುವ ಸಂಸ್ಕೃತಿಯಲ್ಲಿ ನಮ್ಮ ಪಾಲಿಗೆ ಬರುವುದು ಅದರ ಹೊದಿಕೆ. ನೀರಿನ ಬಾಟಲಿ, ಚಹದ ಕಾಗದದ ಕಪ್ಪು, ಗುಟಕಾದ ಚೀಟಿ, ಅರ್ಧ ತಿಂದ ವಡಾಪಾವಿನ ಪೊಟ್ಟಣ; ಎಲ್ಲವೂ ರಸ್ತೆಯ ಬದಿಯ ಗಟಾರದಲ್ಲಿ ಸೇರಿ, ಮೊದಲ ಮಳೆಗೆ ಒಂದೇ ಮುದ್ದೆಯಾಗುತ್ತವೆ. ಊರೊಳಗಿನದೇ ಬೇರೆ ಬಗೆ: ಕಬ್ಬಿನ ರವದಿ, ಜೋಳದ ಕಣಿಕೆಯ ಚೂರು, ಒಲೆಯ ಬೂದಿ, ಗೊಬ್ಬರದ ಹರಿದ ಚೀಲ, ಔಷಧ ಹೊಡೆದು ಬರಿದಾದ ಡಬ್ಬಿ, ಪ್ಲಾಸ್ಟಿಕ್ ದಾರದಲ್ಲಿ ಪೋಣಿಸಿದ ಚೆಂಡುಹೂವಿನ ಮಾಲೆ. ಈ ಮಾಲೆಯೊಂದನ್ನೇ ತೆಗೆದುಕೊಳ್ಳಿರಿ. ಹೂವು ಗೊಬ್ಬರಕ್ಕೆ, ದಾರ ಮತ್ತೆಲ್ಲಿಗೋ. ಸ್ಟ್ಯಾನ್‌ಫರ್ಡಿನ ಆರು ಗುಂಪುಗಳಲ್ಲಿ ಇದನ್ನು ಎಲ್ಲಿಡಬೇಕು?

ಇದಕ್ಕೆ ಉತ್ತರವನ್ನು ನಾನು ಕೇಳಿದುದು ಪುಸ್ತಕದಲ್ಲಲ್ಲ. ಕೆಲವು ವರ್ಷಗಳಿಂದ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ವೆಂಬ ಕಸ ವಿಂಗಡಿಸುವ ಮನೆಗಳಾಗಿವೆ, ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ತಾವೇ ಬಂಡಿ ನಡೆಸಿ ಮನೆಮನೆಯ ಕಸ ತರುವ ‘ಸ್ವಚ್ಛ ವಾಹಿನಿ’ಗಳು ಓಡುತ್ತಿವೆ. ಘಟಪ್ರಭೆಯ ಈಚೆಯ ಅಂಥದೊಂದು ತಗಡಿನ ಮಾಡಿನ ಕೆಳಗೆ ಒಂದು ಮಧ್ಯಾಹ್ನ ಕುಳಿತಿದ್ದೆ. ರಾಶಿಯ ಮುಂದೆ ಕುಳಿತ ಹೆಣ್ಣುಮಗಳೊಬ್ಬಳು ಮಾತಾಡುತ್ತಲೇ ಕೈಯಾಡಿಸುತ್ತಿದ್ದಳು. ನೋಡಿ ಆರಿಸುತ್ತಿದ್ದಳೆನ್ನುವುದಕ್ಕಿಂತ ಕೇಳಿ ಆರಿಸುತ್ತಿದ್ದಳೆನ್ನಬೇಕು. ಎರಡೂ ಒಂದೇ ಬಣ್ಣದ, ಒಂದೇ ಅಳತೆಯ ಚೀಲಗಳು. ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಎಸೆದಳು. “ಹೆಂಗ ಗೊತ್ತಾಗತೈತ್ರಿ ಅಕ್ಕಾರ?” ಎಂದು ಕೇಳಿದೆ. “ಹಿಚುಕಿ ನೋಡ್ರಿ ಸರ. ಇದು ಮೆತ್ತಗ, ಸಪ್ಪಳಿಲ್ಲ. ಅದು ಚರಚರ ಅಂತೈತಿ. ಇದು ಹೋಗತೈತಿ, ಅದು ಹೋಗಂಗಿಲ್ಲ” ಎಂದಳು. ‘ಹೋಗತೈತಿ’ ಎಂದರೆ ಕೊಳ್ಳುವವರಿದ್ದಾರೆ ಎಂದರ್ಥ. ಬೆರಳ ನಡುವೆ ಚೀಲ ಮಾಡುವ ಸಪ್ಪಳದಲ್ಲಿ ಆಕೆ ರಸಾಯನಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಒಟ್ಟಿಗೆ ಓದಿಕೊಳ್ಳುತ್ತಿದ್ದಳು. ಹೂಮಾಲೆಯ ವಿಷಯ ಕೇಳಿದೆ. ಆಕೆ ನಕ್ಕು, ಮಾಲೆಯ ಒಂದು ತುದಿಯನ್ನು ಕಾಲ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಸರ್ರನೆ ಎಳೆದಳು. ಹೂವೆಲ್ಲ ಒಂದು ಕಡೆ ಉದುರಿತು, ದಾರ ಕೈಯಲ್ಲಿ ಉಳಿಯಿತು.

ಇದು ಯಂತ್ರವನ್ನು ಹೀಗಳೆಯುವುದಕ್ಕಾಗಿ ಹೇಳಿದುದಲ್ಲ. ಯಂತ್ರದ ಕಣ್ಣಿನ ಮಿತಿಗಳನ್ನು ಅದನ್ನು ಕಟ್ಟಿದವರೇ ಬಲ್ಲರು. ಮಸಿಯಂಥ ಇಂಗಾಲವನ್ನು ಬೆರೆಸಿ ಮಾಡಿದ ಕಪ್ಪು ಪ್ಲಾಸ್ಟಿಕ್ಕು ಆ ಕಾಣದ ಬೆಳಕನ್ನೆಲ್ಲ ತಾನೇ ನುಂಗಿಬಿಡುವುದರಿಂದ, ಸಾಗುವ ಪಟ್ಟಿಯ ಮೇಲೆ ಅದು ಇದ್ದೂ ಇಲ್ಲದಂತೆ. ನೀರು ಕೂಡ ಅದೇ ಬೆಳಕನ್ನು ಹೀರುತ್ತದೆ. ಆದ್ದರಿಂದ ತೊಯ್ದ ಕಸ ಯಂತ್ರಕ್ಕೆ ಮಂಜು ಕವಿದ ಕನ್ನಡಿ. ಚಿಪ್ಸಿನ ಚೀಲ, ಗುಟಕಾದ ಚೀಟಿಗಳು ಒಂದರ ಮೇಲೊಂದು ಪೊರೆಯಿಟ್ಟು ಅಂಟಿಸಿದುವು. ಅವುಗಳ ಜಾತಿ ತಿಳಿದರೂ ಪೊರೆಗಳನ್ನು ಬಿಡಿಸಿ ಮತ್ತೆ ಬಳಸುವ ಉಪಾಯ ಸುಲಭವಾಗಿ ಕೈಗೆ ಸಿಕ್ಕಿಲ್ಲ. ಹೀರಿ ಹಿಡಿಯುವ ಯಂತ್ರದ ಬಾಯಿಗೆ ಜಿಡ್ಡು ಹತ್ತಿದ, ಮುದ್ದೆಯಾದ ಹಾಳೆ ಒಗ್ಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಯಂತ್ರಕ್ಕೆ ಕಾಣುವುದು ಮೇಲ್ಮೈ. ಬಳಸಿದ ಪ್ಯಾಡನ್ನೋ, ಮಗುವಿನ ಡೈಪರನ್ನೋ, ಮಧುಮೇಹದ ರೋಗಿಯ ಸೂಜಿಯನ್ನೋ ವೃತ್ತಪತ್ರಿಕೆಯಲ್ಲಿ ಸುತ್ತಿ ಒಗೆದರೆ ಕ್ಯಾಮರಾ ಕಾಣುವುದು ವೃತ್ತಪತ್ರಿಕೆಯನ್ನು. ಆರಿಸುವ ಕೈ ಮಾತ್ರ ಅದರ ತೂಕದಿಂದ ಅರಿಯುತ್ತದೆ. ಕೆಲವು ಸಲ ಸೂಜಿ ಚುಚ್ಚಿದ ಮೇಲೆ ಅರಿಯುತ್ತದೆ.

ನಮ್ಮ ನಗರಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಅಡುಗೆಮನೆಯ ಹಸಿ ಪದಾರ್ಥವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾರು ಚೆಲ್ಲಿದ ಕಾಗದ ಕಾಗದವಾಗಿ ಉಳಿಯುವುದಿಲ್ಲ. ಸ್ವೀಡನ್ ದೇಶದ ಮೋಟಾಲಾ ಎಂಬ ಊರಿನಲ್ಲಿ 2023ರಲ್ಲಿ ‘ಸೈಟ್ ಜೀರೋ’ ಎಂಬ ಭಾರಿ ಯಂತ್ರಶಾಲೆ ತೆರೆಯಿತು. ವರ್ಷಕ್ಕೆ 2 ಲಕ್ಷ ಟನ್ ಪ್ಲಾಸ್ಟಿಕ್ಕನ್ನು 12 ಬಗೆಯಾಗಿ ಬೇರ್ಪಡಿಸುವ ಶಕ್ತಿ ಅದಕ್ಕಿದೆಯೆಂಬ ಮಾತನ್ನು ನಮ್ಮವರು ಬೆರಗಿನಿಂದ ಉದ್ಧರಿಸುತ್ತಾರೆ. ಅಲ್ಲಿಗೆ ಬಂದು ಬೀಳುವುದು ಅಲ್ಲಿಯ ಮನೆಯವರು ಮೊದಲೇ ಬೇರೆಯಾಗಿ ಇಟ್ಟು ಕೊಟ್ಟ ಪ್ಲಾಸ್ಟಿಕ್ಕಿನ ಹೊದಿಕೆಗಳು, ಎಂಬ ಅರ್ಧವನ್ನು ಹೇಳುವುದಿಲ್ಲ. ಯಂತ್ರದ ಜಾಣತನ ಶುರುವಾಗುವುದು ಮನೆಯ ಶಿಸ್ತು ಮುಗಿದಲ್ಲಿ. ಇದಕ್ಕೆ ಸ್ವೀಡನ್ನಿನವರೆಗೆ ಹೋಗಬೇಕಾದುದೂ ಇಲ್ಲ. ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಹೋದವರಿಗೆಲ್ಲ ತಿಳಿದ ವಿಷಯವಿದು: ಕಬ್ಬಿನ ರಸ ಸಕ್ಕರೆಗೆ, ಸಿಪ್ಪೆ ಉರುವಲಿಗೆ, ಕಾಕಂಬಿ ಮದ್ಯಸಾರಕ್ಕೆ, ಮಡ್ಡಿ ಹೊಲದ ಗೊಬ್ಬರಕ್ಕೆ. ಸಕ್ಕರೆ ಕಾರ್ಖಾನೆಯಲ್ಲಿ ‘ಕಸ’ವೆಂಬ ಮಾತು ಹೆಚ್ಚುಕಡಿಮೆ ನಿರರ್ಥಕ. ಕಾರಣ, ಅಲ್ಲಿ ಕಬ್ಬಿನೊಡನೆ ಬೇರೇನನ್ನೂ ಬೆರೆಸಿ ಗಾಣಕ್ಕೆ ಕೊಡುವುದಿಲ್ಲ.

ಬೆಂಗಳೂರು ಈ ಪಾಠವನ್ನು ಕಷ್ಟಪಟ್ಟು ಕಲಿತಿತು. ಬೆರಕೆ ಕಸವನ್ನು ಲಾರಿಗಳಲ್ಲಿ ತುಂಬಿ ಸುತ್ತಲಿನ ಹಳ್ಳಿಗಳಲ್ಲಿ ಸುರಿಯುತ್ತ ಬಂದ ನಗರಕ್ಕೆ 2012ರಲ್ಲಿ ಮಾವಳ್ಳಿಪುರದವರೂ, 2014ರಲ್ಲಿ ಮಂಡೂರಿನವರೂ ಸಾಕು ಎಂದರು. ಹಳ್ಳಿಯವರು ದಾರಿಗೆ ಅಡ್ಡ ನಿಂತ ಮೇಲೆಯೇ ನಗರದವರಿಗೆ ತಮ್ಮ ಅಡುಗೆಮನೆಯ ಬುಟ್ಟಿ ಕಾಣಿಸಿತು. 2015ರಲ್ಲಿ ಹೈಕೋರ್ಟು ಹಸಿ ಕಸಕ್ಕೆ ಒಂದು ಬುಟ್ಟಿ, ನೈರ್ಮಲ್ಯದ ಕಸಕ್ಕೆ ಒಂದು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ಪದ್ಧತಿಯನ್ನು ನಡೆಸುವಂತೆ ಹೇಳಿತು. ಮರುವರ್ಷ, 2016ರಲ್ಲಿ, ಕೇಂದ್ರ ಸರಕಾರದ ನಿಯಮಗಳು ಇಡಿಯ ದೇಶಕ್ಕೆ ಮೂರು ಬಗೆಯ ವಿಂಗಡಣೆಯನ್ನು ವಿಧಿಸಿದುವು. ಇಷ್ಟು ನೋವುಂಡು ಕಟ್ಟಿದ ಒಂದು ಅಭ್ಯಾಸವನ್ನು, ಯಂತ್ರ ಬಂದಿತೆಂಬ ನೆಪದಲ್ಲಿ ಮತ್ತೆ ಒಂದೇ ಬುಟ್ಟಿಗೆ ಸುರಿದರೆ ಯಂತ್ರವೂ ಕೆಡುತ್ತದೆ, ಅಭ್ಯಾಸವೂ ಕೆಡುತ್ತದೆ.

ಇನ್ನು ಬೆಲೆ ತೆರುವವರ ಮಾತು. ಹಳೆಯ ಸಾಮಾನಿನ ಅಂಗಡಿಗೆ ತೆಂಕಣದವರು ಗುಜರಿಯೆಂದರೆ, ನಮ್ಮ ಗಡಿನಾಡಿನಲ್ಲಿ ‘ಭಂಗಾರದ ಅಂಗಡಿ’ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಮುರುಕು, ಚೂರು ಎಂದು ಅರ್ಥ. ಒಂದು ಮಹಾಪ್ರಾಣವನ್ನು ಕೈಬಿಟ್ಟರೆ ಕನ್ನಡದ ಬಂಗಾರವಾಗುತ್ತದೆ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವ ಆ ಒಂದು ಉಸಿರಿನ ಅಂತರವನ್ನು ದಿನವೂ ದಾಟಿಸುವವರು ಕಸ ಆಯುವವರು. ಅವರು ಎತ್ತಿಕೊಟ್ಟುದರಿಂದ ಕಾಗದದ ಗಿರಣಿ ನಡೆಯಿತು, ಗಾಜಿನ ಭಟ್ಟಿ ಉರಿಯಿತು, ನಗರಸಭೆಗೆ ಲಾರಿಯ ಖರ್ಚು ಉಳಿಯಿತು. ಅವರಿಗೆ ನಾವು ಕೊಟ್ಟ ಹೆಸರು ಚಿಂದಿ ಆಯುವವರು ಎಂದು. ‘ಆಯು’ ಎಂಬ ಈ ಧಾತುವಿಗೆ ನಮ್ಮ ನಾಡಿನಲ್ಲಿಯೇ ಬೇರೊಂದು ಚರಿತ್ರೆಯಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡ ದಂಪತಿಗಳಿಗೆ ಆ ಮಾತೇ ಬಿರುದಾಯಿತು: ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದಷ್ಟಕ್ಕಿಂತ ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದವಳು ಲಕ್ಕಮ್ಮ. ಶಿವಭಕ್ತರ ಅಂಗಳ ಗುಡಿಸುವುದನ್ನು ಕಾಯಕ ಮಾಡಿಕೊಂಡ ಸತ್ಯಕ್ಕನ ವಚನಗಳನ್ನು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಪಾಠ ಮುಗಿಸಿ ಹೊರಗೆ ಬಂದು, ಅಂಗಳ ಗುಡಿಸುವಾಕೆಯ ಹೆಸರು ನಮಗೆ ತಿಳಿದಿರುವುದಿಲ್ಲ.

ಈಗ ಆ ಹೆಂಗಸು ಮಾಡುತ್ತಿದ್ದುದನ್ನೇ ಒಂದು ಯಂತ್ರ ಅರ್ಧಮರ್ಧ ಮಾಡಿದಾಗ ಅದಕ್ಕೆ ‘ಕೃತಕ ಬುದ್ಧಿ’ ಎಂದು ಹೆಸರಿಡುತ್ತೇವೆ. ಯಂತ್ರದ್ದು ಬುದ್ಧಿಯಾದರೆ ಆಕೆಯದೇನು? ಆಕೆ ಮಾಡಿದಾಗ ಅದು ದೈನ್ಯ, ಯಂತ್ರ ಮಾಡಿದಾಗ ಅದು ವಿಜ್ಞಾನ, ಎನ್ನುವ ಲೆಕ್ಕ ನನಗೆ ಒಗ್ಗುವುದಿಲ್ಲ. ರೋಬೋಟ್ ಎಂಬ ಮಾತನ್ನು ಜಗತ್ತಿಗೆ ಕೊಟ್ಟುದು ಒಂದು ನಾಟಕ. ಝೆಕ್ ಸಾಹಿತಿ ಕರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ಎಂಬುದು. ಆತನ ಅಣ್ಣ ಸೂಚಿಸಿದ ಆ ಪದದ ಮೂಲ, ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕಾದ ದುಡಿಮೆ. ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ ಎಂಬ ಮಾತು ಅದಕ್ಕೆ ಸರಿಯಾದ ಕನ್ನಡ. ಯಂತ್ರವು ಬಿಟ್ಟಿ ದುಡಿದರೆ ಯಾರಿಗೂ ನೋವಿಲ್ಲ, ದುಡಿಯಲಿ. ಆದರೆ ಯಂತ್ರಕ್ಕೆ ಹೆಸರು ಕಲಿಸಿದವರ ದುಡಿಮೆಯೂ, ಅದು ಬಂದಾಗ ಹೊರಗೆ ನಿಲ್ಲಬೇಕಾದವರ ದುಡಿಮೆಯೂ ಬಿಟ್ಟಿಯ ಲೆಕ್ಕಕ್ಕೆ ಹೋಗಬಾರದು.

ಇಷ್ಟು ಹೇಳಿದುದರಿಂದ ನನ್ನನ್ನು ಯಂತ್ರದ್ವೇಷಿಗಳ ಸಾಲಿಗೆ ಸೇರಿಸಬೇಕಾಗಿಲ್ಲ. ಗೋಕಾವಿಯ ಜಲಪಾತದ ನೀರಿನಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ವಿದ್ಯುತ್ತನ್ನು ಪಡೆದು ನೂಲಿನ ಗಿರಣಿ ನಡೆಸಿದ ಸೀಮೆಯವರು ನಾವು. ಯಂತ್ರ ನಮಗೆ ನಿನ್ನೆ ಬಂದ ನೆಂಟನಲ್ಲ. ಮನುಷ್ಯನ ಕೈ ಮುಟ್ಟಬಾರದ ಕೆಲಸಗಳಿವೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ, ಆ ಕೆಲಸ ಮಾಡುವವರು ಬೇರೆ ಯಾರು ಎಂದು ಕೇಳಿದವರಿದ್ದರು. ಕೇರಳದ ತರುಣರು 2018ರಲ್ಲಿ ಮ್ಯಾನ್‌ಹೋಲಿಗೆ ಇಳಿಯುವ ‘ಬ್ಯಾಂಡಿಕೂಟ್’ ಯಂತ್ರವನ್ನು ತಂದಾಗ ಅದನ್ನು ಎರಡು ಕೈಯೆತ್ತಿ ಸ್ವಾಗತಿಸದವನು ಮನುಷ್ಯನಲ್ಲ. ಕಸದ ರಾಶಿಯಲ್ಲಿಯೂ ಹಾಗೆಯೇ. ಒಡೆದ ಗಾಜು, ಸೂಜಿ, ಆಸ್ಪತ್ರೆಯ ಹೊಲಸು, ಸ್ಫೋಟಿಸುವ ಬ್ಯಾಟರಿ, ಇವನ್ನು ಮೊದಲು ಯಂತ್ರ ಕಂಡು ಎತ್ತಿಡಲಿ. ಭಾರ ಎಳೆಯುವುದನ್ನು, ಒತ್ತಿ ಬೇಲು ಕಟ್ಟುವುದನ್ನು ಅದು ಮಾಡಲಿ. ನನ್ನ ತಕರಾರು ಯಂತ್ರ ಬರುವುದರ ಬಗ್ಗೆ ಅಲ್ಲ, ಯಾರ ಹೆಸರಿನಲ್ಲಿ ಬರುತ್ತದೆ ಎಂಬುದರ ಬಗ್ಗೆ.

ನಮ್ಮ ಊರ ಮುಂದಿನ ಹೆದ್ದಾರಿಯ ಎರಡು ತುದಿಗಳಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಪುಣೆಯಲ್ಲಿ 1993ರಲ್ಲಿ ಕಾಗದ, ಗಾಜು, ತಗಡು ಆಯುವವರು ತಮ್ಮದೇ ಕಷ್ಟಕರಿ ಪಂಚಾಯತವನ್ನು ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ’ ಎಂಬ ಸಹಕಾರಿ ಸಂಸ್ಥೆ ಮಹಾನಗರ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಿಸುವ ಕೆಲಸಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ‘ಹಸಿರು ದಳ’ದಂಥ ಸಂಘಟನೆಗಳ ಪ್ರಯತ್ನದಿಂದ 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಡಲು ಮೊದಲು ಮಾಡಿತು, ವಾರ್ಡುಗಳ ಒಣಕಸ ಕೇಂದ್ರಗಳಲ್ಲಿ ಹಲವನ್ನು, ಮೊದಲು ಬೀದಿಯಲ್ಲಿ ಆಯುತ್ತಿದ್ದವರೇ ನಡೆಸುವಂತಾಯಿತು. ಬಳಸಿದ ಪ್ಯಾಡನ್ನು ಸುತ್ತಿದ ಕಾಗದದ ಮೇಲೆ ಕೆಂಪು ಚುಕ್ಕೆಯಿಟ್ಟು ಕೊಡಿರೆಂಬ ಕೇಳಿಕೆ ಎರಡೂ ನಗರಗಳ ಮನೆಗಳಿಗೆ ಬಂದಿತು. ಆ ಚುಕ್ಕೆ ನನಗೆ ಬಹಳ ಹಿಡಿಸಿದ ಲಿಪಿ. ಮನೆಯೊಳಗಿನವರು ತಮ್ಮ ಕಸವನ್ನು ಮುಟ್ಟುವವರಿಗೆ ಬರೆದ ಒಂದಕ್ಷರದ ಪತ್ರವದು. ಈ ಕೇಂದ್ರಗಳಿಗೂ ಈ ಸಹಕಾರಿಗಳಿಗೂ ಯಂತ್ರವನ್ನು ಕೊಟ್ಟು, ಅದರ ಒಡೆತನವನ್ನೂ ಅದನ್ನು ನಡೆಸುವ ವಿದ್ಯೆಯನ್ನೂ ಅವರಿಗೇ ಕೊಟ್ಟರೆ ಅದು ಮೊರಕ್ಕೆ ಬದಲು ಬಂದ ದೊಡ್ಡ ಮೊರವಾಗುತ್ತದೆ. ಅದೇ ಯಂತ್ರವನ್ನು ಗುತ್ತಿಗೆದಾರನ ಕೈಗಿತ್ತು, ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿದರೆ, ನಿನ್ನೆಯವರೆಗೆ ರಾಶಿಯ ಮುಂದೆ ಕುಳಿತವಳು ನಾಳೆ ಬೇಲಿಯ ಆಚೆ ನಿಲ್ಲುತ್ತಾಳೆ.

ಯಂತ್ರವೇ ಅಗ್ಗವಲ್ಲವೆ, ಲಾಭ ನಷ್ಟ ನೋಡಬೇಡವೆ, ಎನ್ನುವವರಿಗೆ ಇಷ್ಟೇ ಉತ್ತರ: ಮನುಷ್ಯರ ಕೂಲಿ ತೀರ ಅಗ್ಗವಾಗಿದ್ದಾಗ ಅವರ ಬೆರಳನ್ನು ಕಾಪಾಡುವ ಒಂದು ಜೊತೆ ಕೈಚೀಲವೂ ನಮಗೆ ದುಬಾರಿಯಾಗಿ ಕಂಡಿತ್ತು.

ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಅದರ ಆಶ್ರಯದ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಕಸ ಗುರುತಿಸುವ ಕ್ಯಾಮರಾವನ್ನು ತಮ್ಮ ಪ್ರಾಜೆಕ್ಟಿಗೆ ಆರಿಸಿಕೊಳ್ಳುವುದು ಅಪರೂಪವಲ್ಲ. ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿತು ಹೋದ ಹುಡುಗರೂ ಅವರಲ್ಲಿದ್ದಾರೆ. ಅವರಿಗೆ ನನ್ನದೊಂದು ಸೂಚನೆ. ಸ್ಟ್ಯಾನ್‌ಫರ್ಡಿನ 2527 ಚಿತ್ರಗಳನ್ನು ಇಳಿಸಿಕೊಂಡು, ಅವುಗಳ ಮೇಲೆಯೇ ಅಭ್ಯಾಸ ಮಾಡಿಸಿ, ನೂರಕ್ಕೆ ಇಷ್ಟು ಸರಿಯೆಂದು ವರದಿ ಒಪ್ಪಿಸುವ ಮೊದಲು, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಯಾವುದಾದರೂ ಪಂಚಾಯಿತಿಯ ತಗಡಿನ ಮಾಡಿನ ಕೆಳಗೆ ಹತ್ತು ದಿನ ಕುಳಿತು ಬರಲಿ. ತೊಯ್ದ ಗುಟಕಾದ ಚೀಟಿಯ ಚಿತ್ರ ತೆಗೆಯಲಿ. ಎಣ್ಣೆಯ ಪಾಕೀಟಿನದು, ಗೊಬ್ಬರದ ಚೀಲದ್ದು, ದಾರದೊಡನೆ ಹೂಮಾಲೆಯದು, ದಾರ ಬಿಚ್ಚಿದ ಮೇಲಿನದು. ಪ್ರತಿಯೊಂದರ ಕೆಳಗೂ ಅಲ್ಲಿ ಕುಳಿತ ಹೆಣ್ಣುಮಕ್ಕಳು ಅದಕ್ಕೆ ಏನೆನ್ನುತ್ತಾರೋ ಅದನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ಹೋಗುವುದು ಯಾವುದು, ಹೋಗದಿರುವುದು ಯಾವುದು, ಮಳೆಗಾಲದಲ್ಲಿ ಬೆಲೆ ಇಳಿಯುವುದು ಯಾವುದರದು ಎಂಬುದನ್ನೂ ಬರೆದುಕೊಳ್ಳಲಿ. ಸಂಗ್ರಹ ಅಚ್ಚುಕಟ್ಟಾಗಿ ಮುಗಿದ ಮೇಲೆ ಅದರ ಮೇಲೆ ಹೆಸರು ಕಲಿಸಿದವರ ಹೆಸರುಗಳೂ ಇರಲಿ. ಅವರು ರಾಶಿಯನ್ನು ಬಿಟ್ಟು ಇವರೊಡನೆ ಮಾತಾಡಿದ ಹೊತ್ತಿನ ಕೂಲಿಯನ್ನು ಮಾತ್ರ ಅಂದಂದೇ ಸಂಜೆ ಎಣಿಸಿ ಕೊಟ್ಟು ಬರಬೇಕು.